ಶಾಲೆ ಅಂಗಳದ ಉಗಿ ಎಂಜಿನ್: ಬಣ್ಣ ಆಮೇಲೆ, ಮೊದಲು ನೀರು ಎಲ್ಲಿ ನಿಂತಿದೆ ನೋಡಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಚಿಂತಾಮಣಿ ಹತ್ತಿರದ ಊರು. ನಮ್ಮ ಹೈಸ್ಕೂಲಿನ ಅಂಗಳದಲ್ಲಿ ಹುಣಸೆ ಮರದ ಕೆಳಗೆ ಒಂದು ಪುಟ್ಟ ಉಗಿ ಎಂಜಿನ್ ನಿಂತಿದೆ. ನಮ್ಮ ತಂದೆ ಅಲ್ಲಿ ಓದುವಾಗಲೂ ಇತ್ತಂತೆ. ಕೋಲಾರ–ಚಿಕ್ಕಬಳ್ಳಾಪುರ ಸಣ್ಣ ರೈಲಿನ ಎಂಜಿನ್ ಅಂತ ಊರಲ್ಲೆಲ್ಲ ಹೇಳುತ್ತಾರೆ. ಈಗ ಶಾಲೆಗೆ 75 ವರ್ಷ ತುಂಬುತ್ತಿದೆ. ಹಳೆ ವಿದ್ಯಾರ್ಥಿಗಳೆಲ್ಲ ಸೇರಿ 6 ಲಕ್ಷ ಕೂಡಿಸಿದ್ದೇವೆ. ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಿ, ಕಪ್ಪು ಬಣ್ಣ ಹೊಡೆಸಿ, ಹಿತ್ತಾಳೆ ಫಲಕವನ್ನು ಹುಣಸೆಹಣ್ಣಲ್ಲಿ ತಿಕ್ಕಿಸಿ, ಜೆಸಿಬಿಯಲ್ಲಿ ಎತ್ತಿ ಗೇಟಿನ ಮುಂದೆ ಸಿಮೆಂಟ್ ಕಟ್ಟೆ ಮೇಲೆ ಇಡೋಣ ಅಂತಿದ್ದೇವೆ. ಆಗುವುದಾದರೆ ಸಮಾರಂಭದ ದಿನ ಸೌದೆ ಹಾಕಿ ಒಂದು ಸಲ ಕೂ ಅನ್ನಿಸುವ ಆಸೆ. ಚಕ್ರಗಳ ಒಳಮೈ ನಡುವೆ ಅಳೆದೆವು, 22 ಇಂಚು ಬಂತು. ಎಲ್ಲಿಂದ ಶುರು ಮಾಡಬೇಕು, ದಯವಿಟ್ಟು ಹೇಳಿ.

ಉತ್ತರ:

ನಿಮಗೆ ಬೇಜಾರಾದರೂ ಪರವಾಗಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಎಂಜಿನ್ ಹೊಟ್ಟೆಗೆ ಬೆಂಕಿ ಹಾಕಬೇಡಿ. ಒಂದು ಹಿಡಿ ಪುರಲೆಯೂ ಬೇಡ. ಯಾಕೆ ಅಂತ ಮುಂದೆ ವಿವರವಾಗಿ ಬರೆಯುತ್ತೇನೆ. ಇನ್ನು ಕೂ ಅನ್ನಿಸುವ ಆಸೆ ಬಗ್ಗೆ ಚಿಂತೆ ಬೇಡ, ಅದಕ್ಕೆ ಬೇರೆ ದಾರಿ ಇದೆ.

ನಾನು ಬಂಗಾರಪೇಟೆಯವನು. ಬಾಯ್ಲರ್ ಫಿಟ್ಟರ್ ಆಗಿ ಕೆಲಸಕ್ಕೆ ಸೇರಿದವನು, ಕೊನೆಯ ಹಲವು ವರ್ಷ ಹಳೆ ಎಂಜಿನ್‌ಗಳನ್ನು ಬಿಚ್ಚುವುದು, ಜೋಡಿಸುವುದು, ಅವು ಸತ್ತಿವೆಯೋ ಬದುಕಿವೆಯೋ ಹೇಳುವುದು, ಇದೇ ಆಯಿತು. ನಿಮ್ಮಂಥ ಪತ್ರ ವರ್ಷಕ್ಕೆ ಎರಡು ಮೂರು ಬರುತ್ತವೆ. ಎಲ್ಲದರಲ್ಲೂ ಬಣ್ಣದ ಮಾತೇ ಮೊದಲು ಇರುತ್ತದೆ. ನೀರಿನ ಮಾತು ಒಂದರಲ್ಲೂ ಇರುವುದಿಲ್ಲ.

ಮೊದಲು ಆ 22 ಇಂಚಿನ ವಿಷಯ ಮುಗಿಸೋಣ. ಅಳೆದು ಕಳಿಸಿದ್ದಕ್ಕೆ ಶಹಬ್ಬಾಸ್, ಎಷ್ಟೋ ಜನ ಬರೀ ಸೆಲ್ಫಿ ಕಳಿಸುತ್ತಾರೆ. ಗೇಜ್ ಅಂದರೆ ಎರಡು ಹಳಿಗಳ ಒಳಅಂಚಿನ ನಡುವಿನ ದೂರ. ಚಕ್ರದ ಚಾಚಿದ ಅಂಚು ಆ ಸಂದಿಯ ಒಳಗೆ ಇಳಿದು ಕೂರುತ್ತದೆ, ಹಾಗಾಗಿ ಚಕ್ರಗಳ ಒಳಮೈ ಅಳತೆ ಗೇಜಿಗಿಂತ ಯಾವಾಗಲೂ ಕಡಿಮೆ ಬರುತ್ತದೆ. ನಿಮ್ಮ 22 ಇಂಚಿಗೆ ಎರಡೂ ಕಡೆ ಅಂಚಿನ ದಪ್ಪ ಸೇರಿಸಿ, ಆಡುವುದಕ್ಕೆ ಒಂದಿಷ್ಟು ಜಾಗ ಬಿಡಿ. ಸುಮಾರು 24 ಇಂಚು ಆಗುತ್ತದೆ, ಅಂದರೆ ಎರಡು ಅಡಿ, 610 ಮಿಲಿಮೀಟರ್. ನಮ್ಮ ಸಣ್ಣ ರೈಲು ಓಡುತ್ತಿದ್ದದ್ದು ಎರಡೂವರೆ ಅಡಿ ಹಳಿಯ ಮೇಲೆ, 762 ಮಿಲಿಮೀಟರ್. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಶುರುವಾದ ಲೈನು ಅದು. ಆಮೇಲೆ ಕೆಲವೇ ವರ್ಷಗಳಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿ ಮೇಲೆ ಯಲಹಂಕದವರೆಗೂ ಕೂಡಿಕೊಂಡಿತು. ಆ ಲೈನಿನ ಎಂಜಿನ್ ಆಗಿದ್ದರೆ ನಿಮಗೆ 27–28 ಇಂಚು ಸಿಗಬೇಕಿತ್ತು. ಟೇಪು ಸೊಟ್ಟಗೆ ಹಿಡಿದರೂ ಆರಿಂಚು ತಪ್ಪುವುದಿಲ್ಲ ಅಲ್ವಾ.

ಅಂದರೆ ನಿಮ್ಮ ಎಂಜಿನ್ ಕೋಲಾರದ ರೈಲಿನದಲ್ಲ. ಊರಿನ ಹಿರಿಯರು ಸುಳ್ಳು ಹೇಳಿದರು ಅಂತಲ್ಲ. ಸಣ್ಣ ಎಂಜಿನ್ ಕಂಡರೆ ನಮ್ಮ ಕಡೆ ಯಾರಿಗಾದರೂ ಸಣ್ಣ ರೈಲೇ ನೆನಪಾಗುವುದು. ಎರಡು ಅಡಿ ಹಳಿ ಜಾಸ್ತಿ ಇದ್ದದ್ದು ಗಣಿಗಳಲ್ಲಿ, ಅಣೆಕಟ್ಟು ಕಟ್ಟುವ ಜಾಗಗಳಲ್ಲಿ, ಸಕ್ಕರೆ ಮತ್ತು ಇಟ್ಟಿಗೆ ಕಾರ್ಖಾನೆಗಳಲ್ಲಿ. ನಮ್ಮ ರಾಜ್ಯದಲ್ಲಿ ಪ್ರಯಾಣಿಕರಿಗೂ ಅಂಥ ಲೈನು ತರೀಕೆರೆ–ನರಸಿಂಹರಾಜಪುರದ ಕಡೆ ಇತ್ತು. ನಿಮ್ಮದು ಎಲ್ಲಿಂದ ಬಂತು ಅನ್ನುವುದನ್ನು ಎಂಜಿನ್ನೇ ಹೇಳುತ್ತದೆ, ಮೈಮೇಲೆ ಬರೆದುಕೊಂಡಿರುತ್ತದೆ. ಅದಕ್ಕೇ ಸ್ಯಾಂಡ್‌ಬ್ಲಾಸ್ಟಿಂಗ್ ಬೇಡ ಅನ್ನುವುದು.

ಏನು ಬರೆದಿರುತ್ತದೆ ಅಂತ ಕೇಳಿ. ಎಂಜಿನ್ ಕಟ್ಟಿದ ಕಂಪನಿ ಪ್ರತಿ ಎಂಜಿನ್‌ಗೂ ಒಂದು ನಂಬರ್ ಕೊಡುತ್ತಿತ್ತು. ಅದು ಹಿತ್ತಾಳೆ ಫಲಕದ ಮೇಲೆ ಇರುತ್ತದೆ. ಜೊತೆಗೆ ಪಿಸ್ಟನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಕನೆಕ್ಟಿಂಗ್ ರಾಡು, ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಸೈಡ್ ರಾಡು, ಆಕ್ಸಲ್ ತುದಿ, ಸಿಲಿಂಡರಿಗೆ ಉಗಿ ಬಿಡುವ ವಾಲ್ವ್ ಗೇರಿನ ಸಣ್ಣ ಸಣ್ಣ ತುಂಡುಗಳ ಮೇಲೂ ಅದೇ ನಂಬರನ್ನು ಅಂಕಿಯ ಅಚ್ಚಿನಿಂದ ಗುದ್ದಿರುತ್ತಿದ್ದರು. ಶೆಡ್ಡಿನಲ್ಲಿ ಹತ್ತು ಎಂಜಿನ್ ಒಟ್ಟಿಗೆ ಬಿಚ್ಚಿದರೆ ಯಾವ ರಾಡು ಯಾರದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಇದನ್ನು ಹುಡುಕುವ ಕೆಲಸ ನಿಮ್ಮ ಎಂಟು–ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕೊಡಿ. ರಾಡಿನ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಮೆತ್ತಗೆ ಒರೆಸಲಿ, ಒಣಗಲಿ, ಆಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಲಿ. ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲಿ ನಾಲ್ಕು ಅಂಕಿ ಮೂಡಿ ಬರುತ್ತವೆ. ನಲವತ್ತು ವರ್ಷ ನೋಡಿದ್ದರೂ ನನಗೆ ಆ ಗಳಿಗೆ ಇವತ್ತಿಗೂ ಖುಷಿ. ಒಂದು ರಾಡಿನ ಮೇಲೆ ಬೇರೆ ನಂಬರ್ ಇದ್ದರೆ ಗಾಬರಿ ಬೇಡ. ಆ ರಾಡು ಯಾವಾಗಲೋ ಇನ್ನೊಂದು ಎಂಜಿನ್‌ನಿಂದ ಬಂದಿದೆ ಅಂತ ಅರ್ಥ. ಅದೂ ಅದರ ಚರಿತ್ರೆಯೇ, ಹಾಗೇ ಬರೆದಿಟ್ಟುಕೊಳ್ಳಿ. ಇಂಗ್ಲೆಂಡಿನ ಬ್ಯಾಗ್ನಲ್, ಹನ್ಸ್‌ಲೆಟ್, ಕೆರ್ ಸ್ಟುವರ್ಟ್, ಜರ್ಮನಿಯ ಓರೆನ್‌ಸ್ಟೈನ್ ಮತ್ತು ಕೊಪೆಲ್, ಇಂಥ ಕಂಪನಿಗಳು ಸಣ್ಣ ಹಳಿಯ ಎಂಜಿನ್‌ಗಳನ್ನು ರಾಶಿ ರಾಶಿ ಮಾಡಿ ಮಾರಿದವು. ಕಂಪನಿ ಹೆಸರು, ನಂಬರ್ ಎರಡೂ ಸಿಕ್ಕರೆ ಯಾವ ವರ್ಷ ಕಟ್ಟಿದ್ದು, ಮೊದಲು ಕೊಂಡವರು ಯಾರು ಅನ್ನುವುದು ಎಷ್ಟೋ ಸಲ ಹಳೆ ಪಟ್ಟಿಗಳಲ್ಲಿ ಸಿಕ್ಕಿಬಿಡುತ್ತದೆ.

ಮರಳು ಹೊಡೆಸಿದರೆ ಈ ನಂಬರುಗಳು ಅರ್ಧಂಬರ್ಧ ಅಳಿಸುತ್ತವೆ. ತೆಳ್ಳಗಾಗಿರುವ ತಗಡು ತೂತು ಬೀಳುತ್ತದೆ. ಬೇರಿಂಗ್ ಸಂದಿಗೆ ಮರಳು ನುಗ್ಗಿದರೆ ಮತ್ತೆ ಹೊರಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಧೂಳು. ಕಲ್ಲಿನ ಸಣ್ಣ ಧೂಳು ಪುಪ್ಪುಸಕ್ಕೆ ಹೋದರೆ ಏನಾಗುತ್ತದೆ ಅಂತ ಕೆಜಿಎಫ್ ಪಕ್ಕದ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಸಿಲಿಕೋಸಿಸ್ ಅನ್ನುವ ಪದ ಅಲ್ಲಿನ ಹಳೆ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಶಾಲೆ ಅಂಗಳದಲ್ಲಿ ಆ ಕೆಲಸ ಬೇಡವೇ ಬೇಡ. ಹಳೆ ಬಣ್ಣದಲ್ಲಿ ಸೀಸ ಇರುವುದೂ ಮಾಮೂಲು, ಅದರ ಪುಡಿ ಮಕ್ಕಳ ಹತ್ತಿರ ಸುಳಿಯಬಾರದು. ಎದ್ದು ನಿಂತ ತುಕ್ಕಿನ ಹೆಕ್ಕಳೆಯನ್ನು ಮಾಸ್ಕ್ ಹಾಕಿಕೊಂಡು, ಒದ್ದೆ ಮಾಡಿಕೊಂಡು, ಕೈಯಲ್ಲೇ ಸ್ಕ್ರೇಪರಿನಿಂದ ಕೆರೆಸಿ, ತಂತಿ ಬ್ರಶ್ ಹಾಕಿಸಿ, ಕೊನೆಗೆ ಪೂರ್ತಿ ಒಣಗಿಸಿಬಿಡಿ. ನಿಧಾನ ಆಗುತ್ತದೆ. ಆಗಲಿ.

ಈಗ ನೀರು.

ಉಗಿ ಎಂಜಿನ್ ವಯಸ್ಸಾಗಿ ಸಾಯುವುದಿಲ್ಲ. ನಿಂತಲ್ಲಿ ನೀರು ನಿಂತು ಸಾಯುತ್ತದೆ. ಒಂದು ಊರಿನಲ್ಲಿ (ಹೆಸರು ಬೇಡ) ಕಟ್ಟೆ ಮೇಲೆ ಇಟ್ಟಿದ್ದ ಎಂಜಿನ್ ನೋಡೋಕೆ ಕರೆದಿದ್ದರು. ಹೊರಗಿನಿಂದ ಮದುವೆ ಹೆಣ್ಣಿನ ಹಾಗಿತ್ತು. ಪ್ರತಿ ವರ್ಷ ಆಗಸ್ಟ್ 15ಕ್ಕೆ ಮುಂಚೆ ಒಂದು ಕೋಟ್ ಎನಾಮಲ್. ಚಕ್ರದ ಅಂಚಿಗೆ ಬಿಳಿ ಪಟ್ಟಿ, ಚಿಮಣಿಗೆ ಬೆಳ್ಳಿ ಬಣ್ಣ. ನಾನು ಮುಂದಿನ ದುಂಡು ಬಾಗಿಲು, ಅಂದರೆ ಚಿಮಣಿ ಕೆಳಗೆ ಹೊಗೆ ಬಂದು ಸೇರುವ ಸ್ಮೋಕ್‌ಬಾಕ್ಸಿನ ಬಾಗಿಲು ತೆಗೆಸಿದೆ. ತೆಗೆಯಲು ಮೂರು ಜನ ಒಂದು ಗಂಟೆ ಒದ್ದಾಡಿದರು, ಏಕೆಂದರೆ ಬಣ್ಣದ ಪದರಗಳೇ ಅದನ್ನು ಅಂಟಿಸಿಬಿಟ್ಟಿದ್ದವು. ಒಳಗೆ ಮೊಣಕಾಲುದ್ದ ಕಪ್ಪು ಕೆಸರು. ಎಲೆ, ಹಕ್ಕಿ ಗೂಡು, ಹಳೆ ಬೂದಿ, ಮೇಲೆ ಚಿಮಣಿಯಿಂದ ಬಿದ್ದ ಮಳೆನೀರು. ಕೆಸರು ಎತ್ತಿ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಬೇಯಿಸಿದ ಗೆಣಸಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಕೆಳಗೆ ನಿಂತಿದ್ದ ಹುಡುಗ 'ಸರ್, ತುದಿ ಈ ಕಡೆ ಕಾಣ್ತಿದೆ' ಅಂದ. ಹೊರಗಡೆ ಬಣ್ಣ ಮಾತ್ರ ಇತ್ತು, ಕಬ್ಬಿಣ ಇರಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಅಂದರೆ, ಕಲ್ಲಿದ್ದಲ ಬೂದಿಯಲ್ಲಿ ಗಂಧಕ ಇರುತ್ತದೆ. ಒಣಗಿದ್ದಾಗ ಅದು ಸುಮ್ನೆ ಬಿದ್ದಿರುತ್ತದೆ. ನೀರು ಸೇರಿತೋ, ಆಮ್ಲವಾಗಿ ತಗಡನ್ನು ತಿನ್ನಲು ಶುರು ಮಾಡುತ್ತದೆ. ಎಂಜಿನ್ ಕೊನೆಯ ದಿನ ಓಡಿ ಬಂದಾಗ ಆ ಬೂದಿ ಯಾರೂ ತೆಗೆದಿರುವುದಿಲ್ಲ, ನಾಳೆಯಿಂದ ಕೆಲಸ ಇಲ್ಲದ ಎಂಜಿನ್ ಯಾರು ಗುಡಿಸುತ್ತಾರೆ? ನಿಮ್ಮದು ಹುಣಸೆ ಮರದ ಕೆಳಗೆ ಬೇರೆ. ಹುಣಸೆ ಎಲೆ ಎಷ್ಟು ಸಣ್ಣದು ಅಂತ ಗೊತ್ತಲ್ಲ, ಪ್ರತಿ ಸಂದಿಗೂ ಇಳಿದು ಗೊಬ್ಬರವಾಗಿ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ಮರ ಕಡಿಯಬೇಡಿ. ಎಂಜಿನ್ನಿಗೆ ಸೂರು ಹಾಕಿ.

ಹಾಗಾಗಿ ಮೊದಲ ವಾರದ ಕೆಲಸಕ್ಕೆ ದುಡ್ಡೇ ಬೇಡ. ಚಿಮಣಿ ಮೇಲೆ ಒಂದು ತಗಡಿನ ಮುಚ್ಚಳ, ಅದು ಸಿಗುವ ತನಕ ಬಕೆಟ್ ಮಗುಚಿ ಹಾಕಿದರೂ ಸಾಕು. ಸ್ಮೋಕ್‌ಬಾಕ್ಸ್ ಮತ್ತು ಬೂದಿ ತೊಟ್ಟಿ ಖಾಲಿ ಮಾಡಿ. ಕೈ ಹಾಕುವ ಮುಂಚೆ ಉದ್ದ ಕೋಲಿನಿಂದ ಕೆದಕಿ ನೋಡಿ, ಬೂದಿ ತೊಟ್ಟಿಯಲ್ಲಿ ನಾಗರಹಾವು, ಬೆಂಕಿ ಉರಿಸುವ ಫೈರ್‌ಬಾಕ್ಸಿನಲ್ಲಿ ಕಡಜದ ಗೂಡು ಎರಡನ್ನೂ ನಾನು ನೋಡಿದ್ದೇನೆ. ನೀರಿನ ಟ್ಯಾಂಕು, ಸಿಲಿಂಡರ್, ಬಾಯ್ಲರ್, ಎಲ್ಲದರ ತಳದಲ್ಲೂ ನೀರು ಬಿಡುವ ಕಾಕ್ ಅಥವಾ ಪ್ಲಗ್ ಇರುತ್ತದೆ. ತೆಗೆದು ಬಿಡಿ. ತೆಗೆದ ಮೇಲೆ ತಂತಿ ಹಾಕಿ ಕೆದಕಿ, ಏಕೆಂದರೆ ತೂತು ಕೆಸರಿನಿಂದ ಮುಚ್ಚಿ ನೀರು ಬರದೇ ಇದ್ದರೆ ಒಳಗೆ ನೀರಿಲ್ಲ ಅಂತ ಮೋಸ ಹೋಗುತ್ತೀರಿ. ನಾನೇ ಹೋಗಿದ್ದೇನೆ. ಹೊಸದರಲ್ಲಿ ಒಂದು ಬಾಯ್ಲರ್ ನೀರಿನ ಪರೀಕ್ಷೆ ಮುಗಿಸಿ ಕಾಕ್ ತೆಗೆದೆ, ಸ್ವಲ್ಪ ಸುರಿದು ನಿಂತಿತು, ಆಯಿತು ಅಂದುಕೊಂಡು ಮನೆಗೆ ಹೋದೆ. ಮುಂದಿನ ವರ್ಷ ಪ್ಲಗ್ ತೆಗೆದಾಗ ತಳದಲ್ಲಿ ಎರಡು ಕೊಡ ನೀರು, ನೀರಿನ ಗೆರೆ ಉದ್ದಕ್ಕೂ ಚಿಕ್ಕ ಚಿಕ್ಕ ಗುಳಿ. ಮೇಸ್ತ್ರಿ ಬೈಯಲಿಲ್ಲ, ಟಾರ್ಚ್ ನನ್ನ ಕೈಗೆ ಕೊಟ್ಟು ಎಣಿಸು ಅಂದರು.

ಒಂದು ಎಚ್ಚರಿಕೆ. ಬಾಯ್ಲರ್ ಒಳಗೆ ಯಾರನ್ನೂ ಇಳಿಸಬೇಡಿ, ತಲೆ ತೂರಿಸಲೂ ಬಿಡಬೇಡಿ. ವರ್ಷಗಟ್ಟಲೆ ಮುಚ್ಚಿದ ಕಬ್ಬಿಣದ ಡಬ್ಬಿಯಲ್ಲಿ ತುಕ್ಕು ಹಿಡಿಯುತ್ತಾ ಹಿಡಿಯುತ್ತಾ ಒಳಗಿನ ಆಮ್ಲಜನಕವನ್ನೇ ತಿಂದುಬಿಟ್ಟಿರುತ್ತದೆ. ವಾಸನೆ ಇಲ್ಲ, ಹೊಗೆ ಇಲ್ಲ, ಮನುಷ್ಯ ಬಿದ್ದುಹೋಗುತ್ತಾನೆ. ಬಾವಿಗೆ ಇಳಿದು ಸತ್ತವರನ್ನು ಎತ್ತಲು ಹೋಗಿ ಇನ್ನಿಬ್ಬರು ಸತ್ತ ಕಥೆ ನಮ್ಮ ಕಡೆ ಕೇಳಿದ್ದೀರಲ್ಲ, ಇದೂ ಅಂಥದ್ದೇ. ಎಲ್ಲ ಪ್ಲಗ್ ತೆಗೆದು, ಜಾಲರಿ ಕಟ್ಟಿ, ಗಾಳಿ ಆಡಲು ಬಿಡಿ. ನಿಂತೇ ಇರುವ ಎಂಜಿನ್‌ಗೆ ಅದೇ ಒಳ್ಳೆಯದು. ಇನ್ನೊಂದು, ಬಾಯ್ಲರ್ ಮೇಲಿನ ತೆಳು ತಗಡಿನ ಕೆಳಗೆ ಬಿಳಿ ನಾರು ನಾರಾದ ಹೊದಿಕೆ ಕಂಡರೆ ಅದು ಕಲ್ನಾರು, ಆಸ್ಬೆಸ್ಟಾಸ್ ಇರಬಹುದು. ಅಲ್ಲಿಗೇ ಕೈ ನಿಲ್ಲಿಸಿ, ಗುಡಿಸಬೇಡಿ, ತಗಡು ಮತ್ತೆ ಮುಚ್ಚಿ, ಅದನ್ನು ತೆಗೆಯುವ ಅನುಭವ ಇರುವವರಿಂದಲೇ ತೆಗೆಸಿ.

ಈಗ ಬೆಂಕಿ ಯಾಕೆ ಬೇಡ ಅನ್ನುವುದು. 'ಸರ್, ಜಾಸ್ತಿ ಒತ್ತಡ ಬೇಡ, ಸ್ವಲ್ಪ ಉಗಿ ಬಂದರೆ ಸಾಕು' ಅಂತ ಎಲ್ಲರೂ ಕೇಳುತ್ತಾರೆ. ಬಚ್ಚಲುಮನೆ ಹಂಡೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಅಷ್ಟೇ. ಮುಚ್ಚಿದ ಬಾಯ್ಲರಿನಲ್ಲಿ ಚದರ ಇಂಚಿಗೆ 150 ಪೌಂಡ್ ಒತ್ತಡ ಬಂದಾಗ ಅದೇ ನೀರು ಸುಮಾರು 185 ಡಿಗ್ರಿಯಲ್ಲಿರುತ್ತದೆ, ಆದರೂ ಒತ್ತಡದ ಕೆಳಗೆ ನೀರಾಗಿಯೇ ಕೂತಿರುತ್ತದೆ. ತಗಡು ಎಲ್ಲಾದರೂ ಬಿರಿದರೆ ಒತ್ತಡ ಒಂದೇ ಸಲ ಇಳಿಯುತ್ತದೆ. ಆಗ ಆ ನೀರಿನ ಒಂದು ಪಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಉಗಿಯಾಗುತ್ತದೆ. ಒಂದು ಲೀಟರ್ ನೀರು ಉಗಿಯಾದರೆ 1,600 ಲೀಟರಿಗೂ ಮೀರಿ ಜಾಗ ಬೇಕು. ಟನ್ನುಗಟ್ಟಲೆ ತೂಕದ ಬಾಯ್ಲರುಗಳು ಚೌಕಟ್ಟಿನಿಂದ ಕಿತ್ತು ಹಾರಿರುವುದು ಇದೇ ಕಾರಣಕ್ಕೆ. ಇನ್ನು ಸ್ವಲ್ಪ ಉಗಿ ಅನ್ನುವ ಮಾತಿಗೆ ಅಳತೆ ಏನು? ಅಳೆಯುವ ಗೇಜು ತುಕ್ಕು ಹಿಡಿದಿದೆ, ಒತ್ತಡ ಬಿಡುವ ಸೇಫ್ಟಿ ವಾಲ್ವಿನ ಸ್ಪ್ರಿಂಗು ಎಷ್ಟೋ ವರ್ಷದಿಂದ ಅಂಟಿಕೊಂಡಿದೆ.

ಒಳಗೆ ಏನೇನು ಕೆಟ್ಟಿರಬಹುದು ಅಂತ ಹೊರಗಿನಿಂದ ಕಾಣುವುದಿಲ್ಲ. ಫೈರ್‌ಬಾಕ್ಸ್ ಅಂದರೆ ಡಬ್ಬಿಯೊಳಗೆ ಡಬ್ಬಿ. ಒಳಡಬ್ಬಿಯಲ್ಲಿ ಬೆಂಕಿ, ಎರಡರ ನಡುವಿನ ಸಂದಿಯಲ್ಲಿ ನೀರು. ಒತ್ತಡಕ್ಕೆ ಎರಡೂ ಗೋಡೆ ದೂರ ತಳ್ಳಿಕೊಳ್ಳದ ಹಾಗೆ ಹಿಡಿದಿರುವುದು ನೂರಾರು ಸ್ಟೇ ಬೋಲ್ಟುಗಳು, ಬೆರಳು ಗಾತ್ರದವು. ಒಂದು ಮುರಿದರೆ ಅದರ ಭಾರ ಅಕ್ಕಪಕ್ಕದವಕ್ಕೆ ಬೀಳುತ್ತದೆ, ಅವು ಮುರಿಯುತ್ತವೆ. ಕೆಲವು ಬೋಲ್ಟುಗಳ ತಲೆಯಲ್ಲಿ ಸೂಜಿ ತೂತು ಕೊರೆದಿರುತ್ತಿದ್ದರು, ಒಳಗೆ ಮುರಿದರೆ ಆ ತೂತಿನಿಂದ ನೀರು ಸೋರಿ ಚಾಡಿ ಹೇಳಲಿ ಅಂತ. ತೂತು ಇಲ್ಲದ ಕಡೆ ನಾವು ಸುತ್ತಿಗೆಯಿಂದ ತಟ್ಟಿ ಕೇಳುತ್ತಿದ್ದೆವು. ಒಳ್ಳೆ ಬೋಲ್ಟು ಗಂಟೆ ಹಾಗೆ ನುಡಿಯುತ್ತದೆ, ಮುರಿದದ್ದು ಒಡೆದ ಮಡಕೆ ಹಾಗೆ. ತೆಂಗಿನಕಾಯಿ ತಟ್ಟಿ ನೋಡುವುದಿಲ್ಲವೇ, ಹಾಗೇ. ಜೊತೆಗೆ ನಮ್ಮ ಕಡೆಯ ಗಡಸು ನೀರು. ಹಂಡೆ ತಳದಲ್ಲಿ ಸುಣ್ಣದಂಥ ಹೆಕ್ಕಳೆ ಕಟ್ಟುತ್ತದಲ್ಲ, ಬಾಯ್ಲರ್ ಕೊಳವೆಗಳ ಮೇಲೂ ಅದೇ ಕಟ್ಟುತ್ತದೆ. ಅದು ಕಟ್ಟಿದ ಕಡೆ ಶಾಖ ನೀರಿಗೆ ದಾಟುವುದಿಲ್ಲ, ತಗಡೇ ಕಾಯ್ದು ಮೆತ್ತಗಾಗುತ್ತದೆ. ಅದಕ್ಕೇ ಶೆಡ್ಡುಗಳಲ್ಲಿ ಕೆಲವೇ ದಿನಕ್ಕೊಮ್ಮೆ ವಾಶ್‌ಔಟ್, ಅಂದರೆ ಬಾಯ್ಲರ್ ಒಳಗೆ ನೀರು ಹೊಡೆದು ತೊಳೆಯುವುದು, ಇದ್ದೇ ಇರುತ್ತಿತ್ತು.

ಬಾಯ್ಲರ್ ನಿಜವಾಗಿ ಚಾಲೂ ಮಾಡಬೇಕಾದರೆ ಕೊಳವೆಗಳನ್ನೆಲ್ಲ ಕಿತ್ತು, ಅಲ್ಟ್ರಾಸೋನಿಕ್ ಮೀಟರಿನಲ್ಲಿ ತಗಡಿನ ದಪ್ಪವನ್ನು ಚೌಕ ಚೌಕ ಹಾಕಿ ಅಳೆದು, ಸ್ಟೇ ಬದಲಿಸಿ, ತಣ್ಣೀರು ತುಂಬಿ ಕೆಲಸದ ಒತ್ತಡಕ್ಕಿಂತ ಜಾಸ್ತಿ ಒತ್ತಡ ಕೊಟ್ಟು ಪರೀಕ್ಷೆ ಮಾಡಬೇಕು. ತಣ್ಣೀರೇ ಯಾಕೆ ಅಂದರೆ ಅದು ಕುಗ್ಗುವುದಿಲ್ಲ, ಬಿರುಕು ಬಿಟ್ಟರೆ ಚಿಮ್ಮಿ ನಿಲ್ಲುತ್ತದೆ, ಸಿಡಿಯುವುದಿಲ್ಲ. ಗಾಳಿ ತುಂಬಿ ಪರೀಕ್ಷೆ ಮಾಡೋಣ ಅಂತ ಯಾರಾದರೂ ಅಂದರೆ ಅವರನ್ನು ಕಾಫಿ ಕುಡಿಸಿ ಕಳಿಸಿಬಿಡಿ. ಇದೆಲ್ಲ ಆದ ಮೇಲೂ ಸರ್ಟಿಫಿಕೇಟ್ ಬೇಕು. ಬಾಯ್ಲರಿಗೆ ಪ್ರತ್ಯೇಕ ಕಾಯ್ದೆಯೇ ಇದೆ, 1923ರದ್ದು ಹೋಗಿ ಈಗ 2025ರದ್ದು ಬಂದಿದೆ. ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯವರು ಬಂದು ನೋಡಬೇಕು. ಶಾಲೆ ಸಮಾರಂಭಕ್ಕೆ ಒಂದು ಗಂಟೆ ಮಾತ್ರ ಅಂತ ಯಾವ ವಿನಾಯಿತಿಯೂ ಇಲ್ಲ.

ಫೇರಿ ಕ್ವೀನ್ ಓಡಲಿಲ್ಲವೇ ಅಂತ ನೀವು ಕೇಳಬಹುದು. ಓಡಿತು. 1855ರಲ್ಲಿ ಕಟ್ಟಿದ ಎಂಜಿನ್, 1997ರಲ್ಲಿ ಮತ್ತೆ ಹಳಿಗೆ ಬಂತು. ಆದರೆ ಅದರ ಹಿಂದೆ ಪೆರಂಬೂರಿನ ಲೋಕೋ ಕಾರ್ಖಾನೆ ಇತ್ತು, ಕ್ರೇನು, ಫೌಂಡ್ರಿ, ಸಂಬಳಕ್ಕೆ ದುಡಿಯುವ ನುರಿತ ಕೈಗಳು ಇದ್ದವು. ಊಟಿ ರೈಲಿನ ಎಂಜಿನ್‌ಗಳ ಹಿಂದೆ ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪ್ ಇದೆ, ಅಲ್ಲಂತೂ ಹಳೆಯದರ ಮಾದರಿಯಲ್ಲಿ ಹೊಸ ಉಗಿ ಎಂಜಿನ್ನೇ ಕಟ್ಟಿದ್ದಾರೆ. ನಿಮ್ಮ ಹಿಂದೆ ಇರುವುದು 6 ಲಕ್ಷ ಮತ್ತು ಒಳ್ಳೆ ಮನಸ್ಸು. ಆ ದುಡ್ಡು ಬಾಯ್ಲರಿಗೆ ಹಾಕಿದರೆ ಅರ್ಧ ಬಿಚ್ಚಿದ ಎಂಜಿನ್ ಉಳಿಯುತ್ತದೆ. ಅರ್ಧ ಬಿಚ್ಚಿದ್ದು ಮುಂದಿನ ಹತ್ತು ವರ್ಷದಲ್ಲಿ ಗುಜರಿಗೆ ಹೋಗುತ್ತದೆ, ಇದು ನಾನು ಕಣ್ಣಾರೆ ಕಂಡದ್ದು.

ಅದೇ ದುಡ್ಡಲ್ಲಿ ಒಳ್ಳೆ ಸೂರು ಹಾಕಿಸಬಹುದು. ನಾಲ್ಕು ಕಡೆ ತೆರೆದಿರಲಿ, ಮೇಲಿನ ಶೀಟು ಎಂಜಿನ್‌ಗಿಂತ ಎರಡೂ ಪಕ್ಕ ಒಂದು ಮೀಟರ್ ಆದರೂ ಆಚೆ ಚಾಚಿರಲಿ. ಟಾರ್ಪಾಲು ಸುತ್ತಿ ಕಟ್ಟಬೇಡಿ. ರಾತ್ರಿ ತಣ್ಣಗಾದ ಕಬ್ಬಿಣಕ್ಕೆ ಬೆಳಗಿನ ಗಾಳಿ ತಾಗಿ ಬೆವರುತ್ತದೆ, ಟಾರ್ಪಾಲಿನೊಳಗೆ ಆ ಬೆವರು ಆರುವುದೇ ಇಲ್ಲ.

ಸಿಮೆಂಟ್ ಕಟ್ಟೆ ನನಗೆ ಇಷ್ಟ ಇಲ್ಲ. ಚಕ್ರದ ಸುತ್ತ ಸಿಮೆಂಟ್ ಸುರಿದು ಹೂತುಬಿಡುತ್ತಾರೆ, ಆ ಸಂದಿಯಲ್ಲಿ ನೀರು ನಿಲ್ಲುತ್ತದೆ. ಎರಡು ತುಂಡು ಹಳಿ, ಕೆಳಗೆ ಸ್ಲೀಪರ್, ಅದರ ಕೆಳಗೆ ಜಲ್ಲಿ, ನೀರು ಹರಿದು ಹೋಗಲು ಒಂದು ಕಡೆ ಇಳಿಜಾರು. ಅಷ್ಟು ಸಾಕು. ಜಾಗ ಬದಲಿಸಲೇಬೇಕಾ ಅಂತ ಮತ್ತೊಮ್ಮೆ ಯೋಚಿಸಿ. ಬದಲಿಸುವುದಾದರೆ ಜೆಸಿಬಿ ಬೇಡ. ಅದರ ಬಕೆಟ್ಟಿಗೆ ಸರಪಳಿ ಬಿಗಿದು ಎಳೆದರೆ ಎಷ್ಟೋ ವರ್ಷದಿಂದ ಅಂಟಿಕೊಂಡ ಪಿಸ್ಟನ್ನು ಒಳಗೇ ಸಿಲಿಂಡರನ್ನು ಗೀರುತ್ತದೆ, ಇಲ್ಲದಿದ್ದರೆ ರಾಡು ಬಾಗುತ್ತದೆ. ಇಷ್ಟು ಪುಟ್ಟ ಎಂಜಿನ್ನೂ ಹಲವು ಟನ್ ತೂಗುತ್ತದೆ. ಸರಿಯಾದ ಕ್ರೇನ್ ತರಿಸಿ, ಚೌಕಟ್ಟಿನ ಕೆಳಗೆ ಬೆಲ್ಟ್ ಹಾಕಿಸಿ. ಬಾಯ್ಲರಿಗೆ, ರಾಡಿಗೆ, ಮುಂದಿನ ಬಫರಿಗೆ ಹಾಕಬಾರದು.

ಚಕ್ರ ತಿರುಗುವುದನ್ನು ಮಕ್ಕಳಿಗೆ ತೋರಿಸಬೇಕು ಅನ್ನಿಸಿದರೆ ಅದಕ್ಕೂ ಒಂದು ವಿಧಾನ ಇದೆ. ಎಂಜಿನ್ನನ್ನು ಸ್ವಲ್ಪ ಎತ್ತಿ ಚಕ್ರ ಗಾಳಿಯಲ್ಲಿರುವಂತೆ ಭದ್ರವಾಗಿ ಕಟ್ಟೆ ಕೊಟ್ಟು, ಹೊರಗಿನ ಕಂಪ್ರೆಸರಿನಿಂದ ಕಡಿಮೆ ಒತ್ತಡದ ಗಾಳಿಯನ್ನು ನೇರ ಸಿಲಿಂಡರಿಗೆ ಕೊಡುವುದು. ಬಾಯ್ಲರಿಗೆ ಗಾಳಿ ಹೋಗುವ ದಾರಿ ಪೂರ್ತಿ ಮುಚ್ಚಿರಬೇಕು. ಇದು ಮುಂದಿನ ವರ್ಷದ ಕೆಲಸ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಮೇಷ್ಟ್ರು ಒಬ್ಬರು ಜೊತೆಗಿದ್ದರೆ ಮಾತ್ರ ಮಾಡಿ. ಈ ವರ್ಷ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ವಾರಕ್ಕೊಮ್ಮೆ ಬಿಡುತ್ತಾ ಬನ್ನಿ. ನೆನೆಯಲಿ.

ಹಿತ್ತಾಳೆ ಫಲಕವನ್ನು ಹುಣಸೆಹಣ್ಣಲ್ಲಿ ತಿಕ್ಕಬೇಡಿ. ಪೂಜೆ ಸಾಮಾನು ಬೇರೆ, ಇದು ಬೇರೆ. ಹುಳಿ ಕಿಲುಬಿನ ಜೊತೆ ಸ್ವಲ್ಪ ಹಿತ್ತಾಳೆಯನ್ನೂ ತೆಗೆಯುತ್ತದೆ, ಮೇಲಿಂದ ತಿಕ್ಕುವ ಕೈ ಬೇರೆ. ಪ್ರತಿ ಹಬ್ಬಕ್ಕೂ ತಿಕ್ಕಿ ತಿಕ್ಕಿ ಅಕ್ಷರ ಮಾಸಿದ ಫಲಕಗಳನ್ನು ನೋಡಿದ್ದೇನೆ. ಸೋಪಿನ ನೀರು, ಮೆತ್ತನೆ ಬಟ್ಟೆ, ಒಣಗಿದ ಮೇಲೆ ತೆಳ್ಳಗೆ ಮೇಣ. ಇನ್ನೂ ಒಳ್ಳೆಯದು ಅಂದರೆ ಫಲಕ, ಸೀಟಿ, ಒತ್ತಡದ ಗೇಜು, ಬಿಚ್ಚಲು ಬರುವ ಹಿತ್ತಾಳೆ ತಾಮ್ರದ ಸಾಮಾನೆಲ್ಲ ಬಿಚ್ಚಿ, ಫೋಟೋ ತೆಗೆದು, ಚೀಟಿ ಕಟ್ಟಿ, ಹೆಡ್‌ಮಾಸ್ಟರ್ ಬೀರುವಿನಲ್ಲಿ ಇಡಿ. ಹಿತ್ತಾಳೆ ರಾತ್ರೋರಾತ್ರಿ ಕಾಲು ಬಂದು ನಡೆದು ಹೋಗುವ ಲೋಹ. ಯಾರದು ಈ ಎಂಜಿನ್, ಶಾಲೆಗೆ ದಾನ ಬಂದಿದ್ದೋ ಎರವಲು ಬಂದಿದ್ದೋ ಅನ್ನುವ ಕಾಗದವನ್ನೂ ಇದೇ ಹೊತ್ತಿಗೆ ಹುಡುಕಿಸಿ.

ಬಣ್ಣ ಕೊನೆಗೆ. ಕಪ್ಪೇ ಅಂತ ಯಾಕೆ ಅಂದುಕೊಂಡಿರಿ? ಕಾರ್ಖಾನೆ ಎಂಜಿನ್‌ಗಳು ಹಸಿರು, ಕಂದು, ನೀಲಿ ಎಲ್ಲ ಇರುತ್ತಿದ್ದವು. ಕ್ಯಾಬಿನ ಒಳಗೆ ಬಿಸಿಲು ತಾಗದ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ನೀರಿನ ಎಮರಿ ಕಾಗದದಲ್ಲಿ ನಿಧಾನ ಉಜ್ಜಿ. ಈರುಳ್ಳಿ ಹೆಚ್ಚಿದ ಹಾಗೆ ಬಣ್ಣದ ಬಳೆಗಳು ಒಂದರೊಳಗೊಂದು ಕಾಣುತ್ತವೆ, ಎಲ್ಲಕ್ಕಿಂತ ಒಳಗಿನದು ಪ್ರೈಮರ್, ಅದರ ಆಚೆಯದು ಮೊದಲ ಬಣ್ಣ. ಅದರ ಫೋಟೋ ತೆಗೆದಿಟ್ಟು ಆ ಜಾಗವನ್ನು ಹಾಗೇ ಬಿಡಿ, ಮೇಲೆ ಬಣ್ಣ ಹೊಡೆಯಬೇಡಿ. ತಗಡಿಗೆ ಒಳ್ಳೆ ಪ್ರೈಮರ್ ಎರಡು ಕೋಟ್, ಮೇಲೆ ಎರಡು ಕೋಟ್ ಬಣ್ಣ, ಒಣ ಹವೆಯಲ್ಲಿ, ಅಂದರೆ ಸಂಕ್ರಾಂತಿ ಕಳೆದ ಮೇಲೆ. ರಾಡುಗಳಿಗೆ ಬೆಳ್ಳಿ ಬಣ್ಣ ಬೇಡ್ರಪ್ಪ, ಅದೊಂದು ಮಾತ್ರ ನಡೆಸಿಕೊಡಿ. ಉಕ್ಕು ಉಕ್ಕಾಗೇ ಕಾಣಲಿ, ಗ್ರೀಸ್ ಹಚ್ಚಿ ವರ್ಷಕ್ಕೆರಡು ಸಲ ಒರೆಸಿ ಮತ್ತೆ ಹಚ್ಚಿ.

ಇನ್ನು ಕೂ ಅನ್ನಿಸುವುದು. ಸೀಟಿಯನ್ನು ಹೇಗೂ ಬಿಚ್ಚುತ್ತೀರಲ್ಲ, ಒಳಗಿನ ಕಸ, ಜೇಡರ ಗೂಡು ತೆಗೆದು, ಒಂದು ಭದ್ರ ಸ್ಟ್ಯಾಂಡಿಗೆ ಕಚ್ಚಿಸಿ. ಪಂಕ್ಚರ್ ಅಂಗಡಿಯ ದೊಡ್ಡ ಟ್ಯಾಂಕಿನ ಕಂಪ್ರೆಸರ್ ಒಂದು ದಿನಕ್ಕೆ ಬಾಡಿಗೆಗೆ ತನ್ನಿ, ದಪ್ಪ ಪೈಪು, ನಡುವೆ ಒತ್ತಡ ಇಳಿಸುವ ರೆಗ್ಯುಲೇಟರ್ ಮತ್ತು ಒಂದು ಬಾಲ್ ವಾಲ್ವ್ ಹಾಕಿಸಿ. ಕಡಿಮೆ ಒತ್ತಡದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ, ಒಂದು ಹಂತದಲ್ಲಿ ತಾನಾಗೇ ಸ್ವರ ಹಿಡಿಯುತ್ತದೆ. ಟ್ಯಾಂಕು ಖಾಲಿಯಾಗುವ ಮುಂಚೆ ಕೆಲವು ಸೆಕೆಂಡು ಸಿಗುತ್ತದೆ, ಒಂದು ಉದ್ದ ಕೂಗಿಗೆ ಸಾಕು. ಹತ್ತಿರ ಮಕ್ಕಳು ಕಿವಿ ಕೊಟ್ಟು ನಿಲ್ಲದ ಹಾಗೆ ನೋಡಿಕೊಳ್ಳಿ. ಉಗಿಯಲ್ಲಿ ಶಬ್ದ ಗಾಳಿಗಿಂತ ವೇಗವಾಗಿ ಹೋಗುತ್ತದೆ, ಹಾಗಾಗಿ ಗಾಳಿಯಲ್ಲಿ ಊದಿದರೆ ಅದೇ ಸೀಟಿಯ ಸ್ವರ ಕೆಳಗೆ ಬರುತ್ತದೆ. ಊರಲ್ಲಿ ಹಳೆ ಫೈರ್‌ಮನ್ನೋ ಡ್ರೈವರೋ ಯಾರಾದರೂ ಇದ್ದರೆ, ಇದು ಆ ಕೂಗಲ್ಲ ಅಂತ ಅವರು ತಕ್ಷಣ ಹೇಳುತ್ತಾರೆ. ಅಂಥವರು ಸಿಕ್ಕರೆ ಬಿಡಬೇಡಿ, ಮೊದಲ ಸಾಲಲ್ಲಿ ಕೂರಿಸಿ, ವಾಲ್ವ್ ಅವರ ಕೈಗೇ ಕೊಡಿ.